ಪರದೇಶದ ಮಿಷನ್ ಶಾಲೆಗೆ ಶಿಕ್ಷಕರನ್ನು ಸೆಳೆಯುವುದು ಏನು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳು ಕಾರವಾರ ಧರ್ಮಪ್ರಾಂತ್ಯದ ಘಟ್ಟದ ಮೇಲಿನ ಭಾಗಕ್ಕೆ ಸೇರಿದವು. ಅಡಿಕೆ ತೋಟ, ದಟ್ಟ ಕಾಡು, ಕೂಗಳತೆಗೂ ಸಿಗದ ಮನೆಗಳು, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಗಳು, ಇಂತಹ ನಾಡಿನಲ್ಲಿ ಮಾಸ್ತರರಿಗೂ ಟೀಚರಮ್ಮನಿಗೂ ಇಂದಿಗೂ ಗೌರವವಿದೆ. ಆದರೆ ಗೌರವದಷ್ಟೇ ಸಂಬಳವೂ ಸಿಗುತ್ತದೆಂದು ಯಾರೂ ಹೇಳುವುದಿಲ್ಲ. ಬಿ.ಎಡ್. ಮುಗಿಸಿದ ಯುವಕ ಯುವತಿಯರು ತಮ್ಮ ಚರ್ಚಿನ ಗುರುಗಳನ್ನೋ ಕಾನ್ವೆಂಟಿನ ಧರ್ಮಭಗಿನಿಯರನ್ನೋ ಕಂಡು, "ಹೊರದೇಶಗಳಲ್ಲಿಯೂ ನಮ್ಮ ಸಭೆಗಳ ಶಾಲೆಗಳಿವೆಯಂತೆ, ಅಲ್ಲಿಗೆ ಹೋಗಿ ಕಲಿಸಬಹುದೇ?" ಎಂದು ಕೇಳುವುದುಂಟು. ಕೇಳುವವರ ಮನಸ್ಸಿನಲ್ಲಿ ಸೇವೆಯ ಆಸೆಯೂ ಇರುತ್ತದೆ, ಮನೆಯ ಸಾಲದ ಚಿಂತೆಯೂ ಇರುತ್ತದೆ. ಇವರಿಗೆ ಉತ್ತರ ಹೇಳಬೇಕಾದ ಧರ್ಮಗುರುಗಳು, ಉಪದೇಶಿಗಳು, ಪಾಲನಾ ಸಮಿತಿಯ ಸದಸ್ಯರಿಗೆ ಉಪಯೋಗವಾಗಲೆಂದು ಈ ವಿಷಯದ ಬಗ್ಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ.

ಮೊದಲು ಪದದ ಅರ್ಥವನ್ನು ನೋಡೋಣ. 'ಮಿಷನ್' ಎಂಬುದು ಲತೀನ್ ಭಾಷೆಯ 'ಕಳುಹಿಸು' ಎಂಬರ್ಥದ ಕ್ರಿಯಾಪದದಿಂದ ಬಂದ ಮಾತು. ಅಂದರೆ ಹೋಗುವವನು ಇದ್ದರೆ ಸಾಲದು, ಕಳುಹಿಸುವವರು ಒಬ್ಬರಿರಬೇಕು, ಬರಮಾಡಿಕೊಳ್ಳುವವರೂ ಇರಬೇಕು. ಕೆಲಸ ಹುಡುಕಿಕೊಂಡು ಹೋಗುವುದು ತಪ್ಪಲ್ಲ. ಆದರೆ ಅದನ್ನು ಮಿಷನ್ ಎಂದು ಕರೆಯಬೇಕಾದರೆ ಈ ಮೂವರೂ ಬೇಕು. ಮುಂದೆ ಹೇಳುವ ಪ್ರತಿಯೊಂದು ಉದಾಹರಣೆಯಲ್ಲಿಯೂ ವಾಚಕರು ಇದನ್ನು ಗಮನಿಸಬಹುದು.

ನಮ್ಮ ಕಡಲತೀರದಿಂದ ನಡೆದು ಹೋದವರು

ಹೊರದೇಶದ ಮಿಷನ್ ಎಂದ ಕೂಡಲೇ ನಮಗೆ ಯುರೋಪಿನಿಂದ ಹಡಗಿನಲ್ಲಿ ಬಂದ ಬಿಳಿಯರ ಚಿತ್ರವೇ ಕಣ್ಣಿಗೆ ಬರುತ್ತದೆ. ಆದರೆ ನಮ್ಮ ಕೆನರಾ ಪ್ರಾಂತ್ಯಕ್ಕೆ ಈ ವಿಷಯದಲ್ಲಿ ಮೊದಲು ನೆನಪಾಗಬೇಕಾದವರು ಗೋವೆಯ ಸಂತ ಜೋಸೆಫ್ ವಾಜ್. ಅವರು ಹುಟ್ಟಿದ್ದು 1651ರಲ್ಲಿ, ಬೆಣಾವ್ಲಿಯಲ್ಲಿ. 1681ರಲ್ಲಿ ಕೆನರಾಕ್ಕೆ ಬಂದು ಮೂರು ವರ್ಷ ಇಲ್ಲಿ ದುಡಿದರು. ಮಂಗಳೂರು, ಬಸರೂರು, ಗಂಗೊಳ್ಳಿಗಳ ಸುತ್ತ ಚದುರಿ ಹೋಗಿದ್ದ ಕ್ರೈಸ್ತ ಮನೆಗಳನ್ನು ಹುಡುಕಿ ಒಟ್ಟುಮಾಡಿದರು, ಪ್ರಾರ್ಥನಾಲಯಗಳ ಜೊತೆಗೆ ಸಣ್ಣ ಸಣ್ಣ ಶಾಲೆಗಳನ್ನೂ ತೆರೆದರು. ಆಗ ಪೋರ್ಚುಗೀಸರ ಪದ್ರುವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂದಾ ಸಭೆಗೂ ಇದ್ದ ಜಗಳ ಕೆನರಾದಲ್ಲಿ ಜೋರಾಗಿತ್ತು. ಆ ಜಗಳದ ನಡುವೆಯೂ ಅವರು ಜನರ ಕೆಲಸ ಬಿಡಲಿಲ್ಲ ಎಂಬುದು ಅವರ ಚರಿತ್ರೆ ಓದಿದವರಿಗೆ ತಿಳಿದ ಸಂಗತಿ.

ಗೋವೆಗೆ ಮರಳಿದ ಮೇಲೆ ಅವರನ್ನು ಸೆಳೆದದ್ದು ಸಿಂಹಳ ದ್ವೀಪ. ಅಲ್ಲಿ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶ ನಿಷಿದ್ಧವಾಗಿತ್ತು, ಜನರು ಗುರುಗಳಿಲ್ಲದೆ ಉಳಿದಿದ್ದರು. ವಾಜ್ ಅವರು ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗಿ, ಕೂಲಿಯಾಳಿನ ವೇಷದಲ್ಲಿ 1687ರಲ್ಲಿ ಜಾಫ್ನಾ ತಲುಪಿದರು. ತಮಿಳು ಕಲಿತರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಳ್ಳುವವರೆಗೆ ಊರಿಗೆ ಹಿಂದಿರುಗಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರಿಗೆ ಯಾವ ಯುರೋಪಿನ ಸಂಸ್ಥೆಯೂ ಹಣ ಕೊಟ್ಟಿರಲಿಲ್ಲ. ಗುರುಗಳಿಲ್ಲದ ಜನ ಒಂದು ಕಡೆ ಇದ್ದಾರೆ ಎಂಬ ಸುದ್ದಿಯೇ ಅವರನ್ನು ಹೊರಡಿಸಿತು.

ನಮ್ಮಲ್ಲಿಗೆ ಬಂದ ಗುರುಗಳು

ಇನ್ನು ಹೊರಗಿನಿಂದ ಕನ್ನಡ ನಾಡಿಗೆ ಕಲಿಸಲು ಬಂದವರ ಕಥೆ. ಇದರಲ್ಲಿ ಪ್ರೊಟೆಸ್ಟೆಂಟ್ ಸಭೆಯವರ ಪಾಲು ದೊಡ್ಡದು. ಅದನ್ನು ಬಿಟ್ಟು ಬರೆದರೆ ಚರಿತ್ರೆ ಅರ್ಧವಾಗುತ್ತದೆ. ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ, 1836ರಲ್ಲಿ, ಹೆರ್ಮನ್ ಮೊಗ್ಲಿಂಗ್ ಬಂದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ ಇವರು ತಮ್ಮ ಊರಿನಲ್ಲೇ ಪಾದ್ರಿಯಾಗಿ ನೆಮ್ಮದಿಯಿಂದ ಇರಬಹುದಾಗಿತ್ತು. ಮಂಗಳೂರಿನಲ್ಲಿ ಶಾಲೆ ನಡೆಸಿದರು, ಹುಡುಗರ ವಸತಿಶಾಲೆಯಲ್ಲಿ ಅವರ ಜೊತೆಗೇ ಬಾಳಿದರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಒಬ್ಬ ಶಾಲಾ ಮಾಸ್ತರರ ಕೈಯಿಂದ ಹುಟ್ಟಿತು ಎಂದು ಹೇಳಿದರೆ ತಪ್ಪಾಗಲಾರದು. ದಾಸರ ಪದಗಳನ್ನೂ ಗಾದೆಗಳನ್ನೂ ಕೂಡಿಸಿ ಅಚ್ಚು ಹಾಕಿಸಿದವರಲ್ಲಿಯೂ ಮೊಗ್ಲಿಂಗ್ ಮೊದಲಿಗರು.

ಆದರೆ ಇದೇ ಶಾಲೆಯ ಇನ್ನೊಂದು ಪುಟವನ್ನೂ ಓದಬೇಕು. 1844ರಲ್ಲಿ ಶಾಲೆಯ ಸಂಪರ್ಕದಲ್ಲಿದ್ದ ಮೂವರು ಬ್ರಾಹ್ಮಣ ಯುವಕರು ಜ್ಞಾನಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು, ಮಕ್ಕಳನ್ನು ಕಳುಹಿಸುತ್ತಿದ್ದ ಮನೆಯವರು ಹಿಂದೆಗೆದರು. ಆ ಮೂವರಲ್ಲಿ ಒಬ್ಬರಾದ ಆನಂದರಾವ್ ಕೌಂಡಿನ್ಯ ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿ ಬಂದರು. ಹೀಗೆ ಒಂದು ಶಾಲೆ ಎರಡೂ ದಿಕ್ಕಿನ ಪ್ರಯಾಣಕ್ಕೆ ಕಾರಣವಾಯಿತು. ಒಂದು ಮನೆಯಲ್ಲಿ ಅದು ಸಂತೋಷ, ಇನ್ನೊಂದು ಮನೆಯಲ್ಲಿ ದುಃಖ. ಮಿಷನ್ ಶಾಲೆಯ ಶಿಕ್ಷಕನ ಮೇಲೆ ತಂದೆತಾಯಿಗಳು ಇಡುವ ನಂಬಿಕೆ ಎಷ್ಟು ನಾಜೂಕಾದದ್ದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಫರ್ಡಿನೆಂಡ್ ಕಿಟೆಲ್ ಅವರ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1832ರಲ್ಲಿ ಉತ್ತರ ಜರ್ಮನಿಯ ಕಡಲತೀರದ ಹಳ್ಳಿಯಲ್ಲಿ ಹುಟ್ಟಿದ ಇವರು 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಇಲ್ಲಿಗೆ ಬಂದರು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿ ಎಲ್ಲ ಕಡೆ ಇದ್ದರು. ಜನರ ಮಾತನ್ನು ಜನರಿಂದಲೇ ಕಲಿಯಬೇಕೆಂಬ ಹಟ ಅವರದು. ಮಿಷನ್ನಿನ ಮೇಲಿನವರಿಗೆ ಅವರ ಈ ಪಾಂಡಿತ್ಯದ ಕೆಲಸ ಎಲ್ಲ ಕಾಲಕ್ಕೂ ಹಿಡಿಸಲಿಲ್ಲ. ಸಾರುವ ಕೆಲಸ ಬಿಟ್ಟು ಶಬ್ದ ಹೆಕ್ಕುತ್ತ ಕೂರುವವರೆಂಬ ಭಾವನೆ ಇತ್ತು. 1864ರಲ್ಲಿ ಅವರ ಹೆಂಡತಿ ಪಾವ್ಲೀನ ತೀರಿಕೊಂಡರು. ಮೂರು ವರ್ಷದ ನಂತರ ಅವರ ತಂಗಿ ಜೂಲಿಯನ್ನು ಮದುವೆಯಾದರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು, ಸುಮಾರು 70,000 ಪದಗಳು. ನಮ್ಮ ಘಟ್ಟದ ಶಾಲೆಗಳ ಕಪಾಟಿನಲ್ಲಿರುವ ಯಾವ ಕನ್ನಡ ನಿಘಂಟನ್ನು ತೆರೆದರೂ ಅದರ ಹಿಂದೆ ಈ ಮನುಷ್ಯನ ದುಡಿಮೆ ಇದೆ.

ಬಾಸೆಲ್ ಮಿಷನ್ನಿನಲ್ಲಿ ಮದುವೆಗೂ ಆಡಳಿತ ಸಮಿತಿಯ ಅಪ್ಪಣೆ ಬೇಕಿತ್ತು. ಎಷ್ಟೋ ಸಲ ವಧುವನ್ನು ಯುರೋಪಿನಲ್ಲೇ ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸುತ್ತಿದ್ದರು. ಮುಖ ನೋಡದ ವರನಿಗಾಗಿ, ಹೆಸರೂ ಕೇಳದ ಊರಿಗೆ ಬಂದ ಆ ಹೆಣ್ಣುಮಕ್ಕಳನ್ನು ಇತಿಹಾಸ ಪುಸ್ತಕಗಳು ಹೆಚ್ಚು ನೆನೆಯುವುದಿಲ್ಲ. ಹುಡುಗಿಯರಿಗೆ ಓದು ಬರಹ, ಹೊಲಿಗೆ ಕಲಿಸುವ ಕೆಲಸದಲ್ಲಿ ಇಂತಹ ಎಷ್ಟೋ ಮಂದಿಯ ಕೈ ಇತ್ತು.

ಕಥೋಲಿಕರ ಕಡೆಗೆ ಬಂದರೆ, ಹೆಣ್ಣುಮಕ್ಕಳ ಶಿಕ್ಷಣದ ಚರಿತ್ರೆಯಲ್ಲಿ ಮದರ್ ವೆರೋನಿಕಾ ಅವರದು ವಿಚಿತ್ರ ಪ್ರಯಾಣ. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್ 1850ರಲ್ಲಿ ಕಥೋಲಿಕ ಸಭೆಗೆ ಸೇರಿದರು, ಕನ್ಯಾಸ್ತ್ರೀಯಾಗಿ ಭಾರತಕ್ಕೆ ಬಂದು ಕಲ್ಲಿಕೋಟೆಯಲ್ಲಿ ಶಾಲೆಯ ಕೆಲಸ ಮಾಡಿದರು. ಈ ಕರಾವಳಿಗೆ ಬೇಕಾದದ್ದು ಶಾಲೆ ನಡೆಸಬಲ್ಲ ಕಾರ್ಮೆಲ್ ಭಗಿನಿಯರು ಎಂದು ಅವರಿಗೆ ಮನವರಿಕೆಯಾಯಿತು. ಫ್ರಾನ್ಸಿಗೆ ಹಿಂದಿರುಗಿ 1868ರಲ್ಲಿ ಬಯೋನ್ ಪಟ್ಟಣದಲ್ಲಿ ಅಪೊಸ್ತೋಲಿಕ್ ಕಾರ್ಮೆಲ್ ಸಭೆಯನ್ನು ಆರಂಭಿಸಿದರು. ಆ ಸಭೆಯ ಮೊದಲ ಮೂವರು ಭಗಿನಿಯರು ಮಂಗಳೂರಿಗೆ ಬಂದದ್ದು 1870ರ ನವೆಂಬರ್ 19ರಂದು. ಸಂತ ಆನ್ನರ ಶಾಲೆ ಅಲ್ಲಿಂದ ಶುರುವಾಯಿತು, 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಬಂತು.

1870ರಲ್ಲೇ ಫ್ರಾನ್ಸಿನಿಂದ ಮಂಗಳೂರಿಗೆ ಹೊರಟ ಧ್ಯಾನಪರ ಕಾರ್ಮೆಲ್ ಭಗಿನಿಯರ ತಂಡದಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಉಳಿದವರಲ್ಲಿ ಒಬ್ಬರು, ಪ್ಯಾಲೆಸ್ಟೀನಿನ ಬಡ ಹುಡುಗಿ ಮರಿಯಮ್ ಬವಾರ್ದಿ, 1871ರಲ್ಲಿ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿ, 1872ರಲ್ಲಿ ಫ್ರಾನ್ಸಿಗೆ ಮರಳಿದರು. 2015ರಲ್ಲಿ ಅವರೂ ಸಂತರ ಸಾಲಿಗೆ ಸೇರಿದರು. ಆಗಿನ ಕಾಲಕ್ಕೆ ಪರದೇಶದ ಮಿಷನ್ ಎಂದರೆ ಹಡಗು ಹತ್ತುವಾಗಲೇ ಮನೆಯವರಿಗೆ ಕೊನೆಯ ವಿದಾಯ ಹೇಳಿದಂತೆ. ಇಂದು ವಾಟ್ಸಪ್ಪಿನಲ್ಲಿ ದಿನಕ್ಕೆ ಎರಡು ಸಲ ಅಮ್ಮನ ಮುಖ ನೋಡುವವರಿಗೆ ಅದನ್ನು ಊಹಿಸುವುದೂ ಕಷ್ಟ.

1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಕಾಲಿಟ್ಟರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅವರನ್ನು ಕರೆದವರು ಮಂಗಳೂರಿನ ಕಥೋಲಿಕರೇ. ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ಕೊಡುವ ಗುರುಗಳು ಬೇಕೆಂದು ಅವರು ರೋಮಿಗೆ ಮನವಿಗಳನ್ನು ಕಳುಹಿಸಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಕಲಿಸಲೆಂದು ಬಂದವರಲ್ಲಿ ಒಬ್ಬರಾದ ಜರ್ಮನ್ ಮೂಲದ ವಂ. ಆಗಸ್ಟಸ್ ಮುಲ್ಲರ್ ಅವರು ಅದೇ ವರ್ಷ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ತೊಡಗಿ, ಕೊನೆಗೆ ಕಂಕನಾಡಿಯ ಆಸ್ಪತ್ರೆಗೇ ಬುನಾದಿ ಹಾಕಿದರು. ಇನ್ನೊಬ್ಬರು ವಂ. ಆಂಜೆಲೊ ಮಾಫೆಯ್. ಇಟಲಿಯ ಬೆಟ್ಟದ ಸೀಮೆಯವರು ನಮ್ಮ ಅಜ್ಜಿಯರ ಕೊಂಕಣಿಯನ್ನು ಕಲಿತು 1882ರಲ್ಲಿ ವ್ಯಾಕರಣ, 1883ರಲ್ಲಿ ನಿಘಂಟು ಅಚ್ಚುಮಾಡಿಸಿದರು. ಬಂದ ಐದು ವರ್ಷದೊಳಗೆ! ನಮ್ಮಲ್ಲಿ ಹುಟ್ಟಿ ಬೆಳೆದವರೇ ಮಕ್ಕಳ ಎದುರು ಕೊಂಕಣಿ ಮಾತನಾಡಲು ಹಿಂಜರಿಯುವ ಈ ದಿನಗಳಲ್ಲಿ ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಭೂತಾನದಿಂದ ಬಂದ ಕರೆ

ನಮ್ಮ ನಾಡಿನ ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಕೆನಡಾದ ಯೇಸುಸಭೆಯ ವಂ. ವಿಲಿಯಂ ಮ್ಯಾಕಿ 1946ರಿಂದ ಡಾರ್ಜಿಲಿಂಗ್ ಸೀಮೆಯ ಶಾಲೆಗಳಲ್ಲಿ ಕಲಿಸುತ್ತಿದ್ದರು. 1963ರಲ್ಲಿ ಭೂತಾನದ ಸರ್ಕಾರವೇ ಅವರನ್ನು ಕರೆಯಿತು. ಪೂರ್ವ ಭೂತಾನದ ತ್ರಾಶಿಗಾಂಗ್‌ನಲ್ಲಿ ಶಾಲೆ ಶುರುಮಾಡಿದರು, ಮುಂದೆ ಕಾಂಗ್ಲುಂಗ್‌ನ ಶೆರುಬ್‌ತ್ಸೆ ಸಂಸ್ಥೆಯನ್ನು ಕಟ್ಟುವುದರಲ್ಲಿ ಅವರ ಪಾತ್ರ ದೊಡ್ಡದು. ಬೌದ್ಧ ರಾಜ್ಯವಾದ ಅಲ್ಲಿ ಮತಪ್ರಚಾರಕ್ಕೆ ಅವಕಾಶವಿರಲಿಲ್ಲ. ಅದನ್ನು ಒಪ್ಪಿಯೇ ಅವರು ಹೋದರು, ಒಪ್ಪಿದ್ದನ್ನು ಕೊನೆಯವರೆಗೂ ಪಾಲಿಸಿದರು. 1995ರಲ್ಲಿ ಥಿಂಪುವಿನಲ್ಲಿ ತೀರಿಕೊಂಡಾಗ ಅವರು ಆ ದೇಶದ ಪೌರರೇ ಆಗಿದ್ದರು.

ಮಂಗಳೂರಿನ 1844ರ ಘಟನೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಮಿಷನ್ ಎಂಬ ಒಂದೇ ಪದದೊಳಗೆ ಎಷ್ಟು ದೂರದ ಎರಡು ದಾರಿಗಳಿವೆ ಎಂದು ತಿಳಿಯುತ್ತದೆ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ನಮ್ಮ ಶಿಕ್ಷಕರಿಗೆ ಮ್ಯಾಕಿ ಅವರ ದಾರಿಯೇ ಹತ್ತಿರದ್ದು. ಅಲ್ಲಿಯ ಕಾನೂನು ಮತಪ್ರಚಾರವನ್ನು ಒಪ್ಪುವುದಿಲ್ಲ. ಬಹ್ರೇನಿನಲ್ಲಿ 1939ರಷ್ಟು ಹಿಂದೆಯೇ ಚರ್ಚ್ ಎದ್ದಿತು, ಅಬುಧಾಬಿಯಲ್ಲಿ 1965ರಲ್ಲಿ ಸಂತ ಜೋಸೆಫರ ಚರ್ಚ್ ಬಂತು. ಆದರೆ ಆರಾಧನೆ ಚರ್ಚಿನ ಆವರಣದೊಳಗೆ. ತರಗತಿಯಲ್ಲಿ ಶಿಕ್ಷಕರು ಗಣಿತವನ್ನೋ ವಿಜ್ಞಾನವನ್ನೋ ಕಲಿಸುತ್ತಾರೆ, ಅಷ್ಟೆ. ಆ ಕಲಿಸುವಿಕೆಯಲ್ಲಿ ಪ್ರಾಮಾಣಿಕತೆ, ತಾಳ್ಮೆ, ದುರ್ಬಲ ಮಗುವಿನ ಮೇಲಿನ ಅಕ್ಕರೆ ಇದ್ದರೆ ಅದೇ ಅವರ ಸಾಕ್ಷ್ಯ.

ಸಭೆಗಳೂ ಈಗ ದಿಕ್ಕು ಬದಲಿಸಿವೆ. ಫ್ರಾನ್ಸಿನಿಂದ ಬಂದ ಅಪೊಸ್ತೋಲಿಕ್ ಕಾರ್ಮೆಲ್ ಸಭೆಯ ಭಾರತೀಯ ಭಗಿನಿಯರೇ 1969ರಲ್ಲಿ ಕುವೈತಿನಲ್ಲಿ ಕಾರ್ಮೆಲ್ ಶಾಲೆಯನ್ನು ಆರಂಭಿಸಿದರು. ಮಿಷನ್ ಪಡೆದ ನಾಡು ಮಿಷನ್ ಕಳುಹಿಸುವ ನಾಡಾಯಿತು.

ಕೆಲವರಿಗೆ ಘಟ್ಟ ಹತ್ತುವುದೇ ಪರದೇಶ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕರಾವಳಿಯ ಹೊನ್ನಾವರದಿಂದಲೋ ಕುಮಟಾದಿಂದಲೋ ಬಂದ ಶಿಕ್ಷಕಿಯೊಬ್ಬರು ಯಲ್ಲಾಪುರದ ಕಾಡಿನೊಳಗಿನ ಸಿದ್ದಿ ಕೇರಿಯ ಮಕ್ಕಳ ಎದುರು ನಿಂತರೆ, ಮಾಫೆಯ್ ಅವರಿಗೆ ಮಂಗಳೂರಿನಲ್ಲಿ ಎದುರಾದ ಪ್ರಶ್ನೆಯೇ ಅವರಿಗೂ ಎದುರಾಗುತ್ತದೆ. ಮಗು ಮನೆಯಲ್ಲಿ ಆಡುವ ಮಾತು ಒಂದು, ಶಾಲೆಯ ಪುಸ್ತಕದ ಮಾತು ಇನ್ನೊಂದು.

ಸಿದ್ದಿಗಳ ಪೂರ್ವಜರನ್ನು ಶತಮಾನಗಳ ಹಿಂದೆ ಪೋರ್ಚುಗೀಸರೂ ಇತರ ವ್ಯಾಪಾರಿಗಳೂ ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿಗಳ ಕಾಡಿನಲ್ಲಿ ನೆಲೆನಿಂತರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕಥೋಲಿಕರೂ ಇದ್ದಾರೆ. ಕೊಂಕಣಿ ಬೆರೆತ ಅವರದೇ ಒಂದು ಮನೆಮಾತಿದೆ. 1987ರ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿ ತರಬೇತಿ ಕೊಡಲು ಬಂದಾಗ ಪತ್ರಿಕೆಗಳಲ್ಲಿ ಅವರ ಹೆಸರು ಕಾಣಿಸಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಯಲ್ಲಾಪುರ ಸೀಮೆಯ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಮುಂಡಗೋಡದಲ್ಲಿ ಯೇಸುಸಭೆಯವರು ನಡೆಸುವ ಲೊಯೋಲಾ ವಿಕಾಸ ಕೇಂದ್ರ ಈ ಸಮುದಾಯದ ನಡುವೆ ಕೆಲಸ ಮಾಡುತ್ತ ಬಂದಿರುವುದು ನಮ್ಮ ವಾಚಕರಿಗೆ ತಿಳಿದೇ ಇದೆ.

ಸಿದ್ದಿಗಳಷ್ಟೇ ಅಲ್ಲ. ಮರಾಠಿ ಬೆರೆತ ಮಾತಿನ ಗೌಳಿಗರಿದ್ದಾರೆ, ಹವ್ಯಕ ಕನ್ನಡದ ಮನೆಗಳಿವೆ. ಪಕ್ಕದ ಮುಂಡಗೋಡದಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರ ದೊಡ್ಡ ವಸತಿಯೇ ಇದೆ, ಅವರ ಮಕ್ಕಳಿಗೆ ಬೇರೆಯೇ ಶಾಲೆಗಳಿವೆ. ಬೇರೆ ಭಾಷೆ, ಬೇರೆ ಊಟ, ಬೇರೆ ದೇವರು, ಇವೆಲ್ಲ ಪರದೇಶದ ಲಕ್ಷಣವೆಂದಾದರೆ ಶಿರಸಿಯಿಂದ ಬಸ್ಸು ಹತ್ತಿ ಎರಡು ಗಂಟೆಯೊಳಗೆ ಅದನ್ನು ಕಾಣಬಹುದು. ಹೊರದೇಶಕ್ಕೆ ಹೋಗಲು ಬಯಸುವ ಯುವ ಶಿಕ್ಷಕರಿಗೆ ಒಂದು ವರ್ಷ ಇಂತಹ ಕೇರಿಯ ಶಾಲೆಯಲ್ಲಿ ಕಲಿಸಿ ನೋಡಿ ಎಂದು ಹೇಳುವುದು ಕೆಟ್ಟ ಸಲಹೆಯೇನಲ್ಲ. ಅಲ್ಲಿ ಬೇಸರಪಟ್ಟು ಓಡಿಬಂದವರು ನೈರೋಬಿಯಲ್ಲಿ ನಿಲ್ಲುತ್ತಾರೆಂದು ನಂಬುವುದು ಕಷ್ಟ.

ಹಾಗಾದರೆ ಸೆಳೆಯುವುದು ಏನು?

ಮೇಲಿನ ಜೀವನಗಳನ್ನು ನೋಡಿದರೆ ಒಂದೇ ಉತ್ತರ ಸಿಗುವುದಿಲ್ಲ. ವಾಜ್ ಅವರನ್ನು ಜನರ ಕೊರತೆ ಎಳೆಯಿತು. ಮಾಫೆಯ್, ಕಿಟೆಲ್ ಅವರನ್ನು ಭಾಷೆ ಹಿಡಿದು ನಿಲ್ಲಿಸಿತು. ಬಂದ ಕಾರಣ ಒಂದಾದರೆ ಉಳಿದ ಕಾರಣ ಇನ್ನೊಂದು. ಮ್ಯಾಕಿ ಅವರನ್ನು ಒಂದು ಸರ್ಕಾರದ ಆಮಂತ್ರಣ ಕರೆದೊಯ್ದಿತು. ಇನ್ನು ಎಷ್ಟೋ ಮಂದಿಯನ್ನು ಹೊರಡಿಸಿದ್ದು ಒಂದು ಪತ್ರ. ಸಂತ ಫ್ರಾನ್ಸಿಸ್ ಝೇವಿಯರ್ ಅವರು 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಯುರೋಪಿನ ವಿಶ್ವವಿದ್ಯಾಲಯಗಳಿಗೆ ಹೋಗಿ ಹುಚ್ಚನಂತೆ ಕೂಗಿ, ವಿದ್ಯೆಯಿದ್ದೂ ಇತ್ತ ಬಾರದವರನ್ನು ಎಚ್ಚರಿಸಬೇಕೆನಿಸುತ್ತದೆ ಎಂಬರ್ಥದ ಮಾತಿದೆ. ಆ ಪತ್ರದ ಪ್ರತಿಗಳು ಯುರೋಪಿನಲ್ಲೆಲ್ಲ ಓಡಾಡಿದವು. ನಮ್ಮ ಧರ್ಮಕೇಂದ್ರಗಳಲ್ಲಿಯೂ ರಜೆಗೆ ಬಂದ ಮಿಷನರಿ ಧರ್ಮಭಗಿನಿಯೊಬ್ಬರು ಪೂಜೆಯ ನಂತರ ಹತ್ತು ನಿಮಿಷ ತಮ್ಮ ಶಾಲೆಯ ಮಕ್ಕಳ ಬಗ್ಗೆ ಮಾತನಾಡಿದರೆ, ಅದು ಹತ್ತು ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ 'ಆದ್ ಜೆಂತೆಸ್' ಎಂಬ ಮಿಷನ್ ಕುರಿತ ಆದೇಶಪತ್ರದ 41ನೇ ಪರಿಚ್ಛೇದವು ಈ ವಿಷಯದಲ್ಲಿ ಮುಖ್ಯ. ಹೊರಗಿನಿಂದ ಬಂದವರಾಗಲಿ ಅದೇ ನಾಡಿನವರಾಗಲಿ, ಶ್ರೀಸಾಮಾನ್ಯ ವಿಶ್ವಾಸಿಗಳು ಶಾಲೆಗಳಲ್ಲಿ ಕಲಿಸುವುದನ್ನು ಅದು ಮಿಷನ್ನಿನ ಕೆಲಸವೆಂದೇ ಹೆಸರಿಸುತ್ತದೆ. 26ನೇ ಪರಿಚ್ಛೇದವು ಹೋಗುವವರು ಆ ಜನರ ಇತಿಹಾಸ, ಪದ್ಧತಿ, ಭಾಷೆಗಳನ್ನು ಕಲಿಯಬೇಕೆನ್ನುತ್ತದೆ. ಆದ್ದರಿಂದ ಗುರುಪಟ್ಟ, ವ್ರತ ಸ್ವೀಕರಿಸದ ಸಾಮಾನ್ಯ ಶಿಕ್ಷಕರು "ನಾವು ಬರೀ ನೌಕರರು" ಎಂದುಕೊಳ್ಳಬೇಕಾಗಿಲ್ಲ.

ಹಾಗೆಂದು ಹಣದ ಮಾತನ್ನು ಮುಚ್ಚಿಡುವುದೂ ಸರಿಯಲ್ಲ. ಮಿಷನ್ ಎಂಬ ಹೆಸರು ಹೇಳಿ ಶಿಕ್ಷಕರಿಗೆ ಅರ್ಧ ಸಂಬಳ ಕೊಡುವ ಆಡಳಿತಗಳು ಎಲ್ಲಿಯಾದರೂ ಇದ್ದರೆ ಅವು ಸಭೆಯ ಕಾನೂನನ್ನು ಓದಬೇಕು. 1983ರ ಕಾನೂನು ಸಂಹಿತೆಯ 231ನೇ ವಿಧಿಯು ಸಭೆಯ ಸೇವೆಗೆ ತಮ್ಮನ್ನು ಕೊಟ್ಟುಕೊಂಡ ಶ್ರೀಸಾಮಾನ್ಯರಿಗೆ ತಾವೂ ತಮ್ಮ ಕುಟುಂಬವೂ ಬದುಕಲು ಯೋಗ್ಯವಾದ ಸಂಭಾವನೆ ಪಡೆಯುವ ಹಕ್ಕಿದೆ ಎನ್ನುತ್ತದೆ. ಮನೆಯ ಸಾಲ ತೀರಿಸಲು, ತಂಗಿಯ ಮದುವೆಗೆ, ತಮ್ಮನ ಓದಿಗೆ ಎಂದು ಹೊರದೇಶಕ್ಕೆ ಹೊರಡುವ ಶಿಕ್ಷಕರ ಆಸೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸೇವೆ, ಸಂಬಳ ಎರಡೂ ಒಂದೇ ಚೀಲದಲ್ಲಿ ಹೋಗಬಹುದು. ಯಾವುದು ಯಾವುದೆಂದು ಹೊರಡುವವರಿಗೆ ಗೊತ್ತಿದ್ದರೆ ಸಾಕು.

ಹೊರಡುವವರಿಗೆ, ಕಳುಹಿಸುವವರಿಗೆ

ಧರ್ಮಕೇಂದ್ರದ ಕಚೇರಿಗೆ ಇಂತಹ ಅರ್ಜಿ ಬಂದಾಗ ಮೊದಲ ತೊಡಕು ಬರುವುದು ಹೆಸರಿನಲ್ಲಿ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಕಾಗುಣಿತ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. 'ಫರ್ನಾಂಡಿಸ್' ಎಂಬ ಒಂದು ಹೆಸರನ್ನೇ ನಮ್ಮವರು ಎಷ್ಟು ಬಗೆಯಲ್ಲಿ ಬರೆಯುತ್ತಾರೆ! ಸಿದ್ದಿ ಕುಟುಂಬಗಳಲ್ಲಿ ಚರ್ಚಿನ ಹೆಸರು ಬೇರೆ, ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇರುವುದೂ ಉಂಟು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಬೇಕು. ವೀಸಾ ಹಂತಕ್ಕೆ ಬಂದ ಮೇಲೆ ಸರಿಪಡಿಸಲು ಹೋದರೆ ತಿಂಗಳುಗಟ್ಟಲೆ ಅಲೆದಾಟ.

ಪದವಿ ಮತ್ತು ಬಿ.ಎಡ್. ಪ್ರಮಾಣಪತ್ರಗಳಿಗೆ ಸರ್ಕಾರಿ ದೃಢೀಕರಣ ಬೇಕು. ರಾಜ್ಯ ಮಟ್ಟದ ದೃಢೀಕರಣ ಮೊದಲು, ನಂತರ ವಿದೇಶಾಂಗ ಸಚಿವಾಲಯದ್ದು. ಭಾರತವು 2005ರಿಂದ ಹೇಗ್ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಹೋಗುವ ದೇಶವೂ ಆ ಒಪ್ಪಂದದಲ್ಲಿದ್ದರೆ ಅಪಾಸ್ಟಿಲ್ ಮುದ್ರೆ ಸಾಕು, ಇಲ್ಲದಿದ್ದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ನಮ್ಮ ಕಡೆಯ ಬಹುತೇಕರ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಘಟಿಕೋತ್ಸವದ ಪ್ರಮಾಣಪತ್ರ ಪಡೆಯದೆ ಅಂಕಪಟ್ಟಿಯಷ್ಟನ್ನೇ ಇಟ್ಟುಕೊಂಡವರು ಮೊದಲು ಧಾರವಾಡದ ದಾರಿ ಹಿಡಿಯಬೇಕು.

ಏಜೆಂಟರ ಮೂಲಕ ಹೋಗುವುದಾದರೆ ಅವರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರೇ ಎಂದು ನೋಡಬೇಕು. ಆ ಕಾಯ್ದೆಯ ನಿಯಮಗಳಂತೆ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯಿದೆ. ಲಕ್ಷಗಟ್ಟಲೆ ಕೇಳುವವರು ಯಾವ ಸಂತರ ಹೆಸರು ಹೇಳಿದರೂ ದೂರ ಇಡಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಿ ಎನ್ನುವ ಮಾತಿಗೆ ಒಪ್ಪಲೇಬಾರದು. ಸಭೆಯೊಂದರ ಶಾಲೆಗೆ ಹೋಗುವುದಾದರೆ ಏಜೆಂಟರ ಅಗತ್ಯವೇ ಬೀಳದಿರಬಹುದು. ಆ ಸಭೆಯ ನಮ್ಮ ಪ್ರಾಂತ್ಯದ ಕಚೇರಿಯಲ್ಲಿ ಕೇಳಿದರೆ ಶಾಲೆ ನಿಜಕ್ಕೂ ಅವರದೇ ಅಲ್ಲವೇ ಎಂಬುದು ಒಂದು ಫೋನಿನಲ್ಲಿ ತಿಳಿಯುತ್ತದೆ. ಸಂತರ ಹೆಸರಿಟ್ಟ ಶಾಲೆಗಳೆಲ್ಲ ಸಭೆಯ ಶಾಲೆಗಳಲ್ಲ.

ಕರಾರುಪತ್ರದಲ್ಲಿ ಸಂಬಳದಷ್ಟೇ ಮುಖ್ಯವಾದವು ವಸತಿ, ವೈದ್ಯಕೀಯ ವಿಮೆ, ಊರಿಗೆ ಬಂದುಹೋಗುವ ಟಿಕೆಟ್, ಕರಾರು ಮುರಿದರೆ ಏನು ಎಂಬ ಷರತ್ತು. ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಿಡಬಾರದು. ಕರಾರಿನ ಒಂದು ಪ್ರತಿಯನ್ನು ಮನೆಯಲ್ಲಿ, ಇನ್ನೊಂದನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಇಟ್ಟು ಹೋದರೆ ಕಷ್ಟಕಾಲದಲ್ಲಿ ಯಾರಾದರೂ ಕೈಹಿಡಿಯಲು ದಾರಿಯಿರುತ್ತದೆ. ಹೋದವರು ಮೊದಲ ಆರು ತಿಂಗಳು ಅನುಭವಿಸುವ ಒಂಟಿತನದ ಬಗ್ಗೆ ಯಾವ ಕರಾರಿನಲ್ಲಿಯೂ ಬರೆದಿರುವುದಿಲ್ಲ. ಅಲ್ಲಿಯ ಕೊಂಕಣಿ ಅಥವಾ ಕನ್ನಡ ಸಮುದಾಯದ ಒಬ್ಬರ ವಿಳಾಸವಾದರೂ ಜೇಬಿನಲ್ಲಿರಲಿ.

ಬಿಟ್ಟು ಹೋಗುವ ತರಗತಿ

ಈ ಎಲ್ಲದರ ನಡುವೆ ಇಲ್ಲಿಯ ಮಕ್ಕಳ ಮಾತು ಮರೆತುಹೋಗುವುದುಂಟು. ಶಿರಸಿ ಶೈಕ್ಷಣಿಕ ಜಿಲ್ಲೆಯ ಒಳಹಳ್ಳಿಗಳಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಶಾಲೆಗಳಿವೆ. ನಮ್ಮ ಸಣ್ಣ ಅನುದಾನರಹಿತ ಶಾಲೆಗಳಲ್ಲಿಯೂ ವಿಜ್ಞಾನ, ಗಣಿತ, ಇಂಗ್ಲಿಷಿಗೆ ಒಬ್ಬೊಬ್ಬರೇ ಶಿಕ್ಷಕರು. ಆ ಒಬ್ಬರು ಹೋದರೆ ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಯ ವರ್ಷದಲ್ಲಿ ನಡುನೀರಿನಲ್ಲಿ ಉಳಿಯುತ್ತಾರೆ. ಹೊರದೇಶದ ಮಕ್ಕಳಿಗೆ ಕಲಿಸುವ ಕರೆ ದೊಡ್ಡದೆಂದು ಹೇಳುತ್ತ, ಮನೆಯಿಂದ ಐದು ಕಿಲೋಮೀಟರು ನಡೆದು ಬರುವ ಇಲ್ಲಿಯ ಹುಡುಗಿಯ ಪಾಠವನ್ನು ನಡುವೆ ನಿಲ್ಲಿಸುವುದು ನ್ಯಾಯವೇ ಎಂದು ಹೊರಡುವವರೂ ಆಡಳಿತದವರೂ ಸೇರಿ ಕೇಳಿಕೊಳ್ಳಬೇಕಾಗುತ್ತದೆ. ಹೋಗಬೇಡಿ ಎಂದು ತಡೆಯುವುದರಿಂದ ಇದು ಬಗೆಹರಿಯುವುದಿಲ್ಲ. ತಡೆದರೆ ಹೇಳದೆ ಹೋಗುತ್ತಾರೆ, ಅಷ್ಟೆ.

ಇದಕ್ಕೆ ಕೆಲವು ಸರಳ ಏರ್ಪಾಡುಗಳು ಸಾಧ್ಯ. ಕೊಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಸಾಮಾನ್ಯವಾಗಿ ಏಪ್ರಿಲಿನಲ್ಲಿ ಆರಂಭವಾಗುತ್ತದೆ, ನಮ್ಮ ರಾಜ್ಯದ ಶಾಲೆಗಳದು ಮೇ ಕೊನೆ, ಜೂನ್ ಹೊತ್ತಿಗೆ. ಏಪ್ರಿಲಿಗೆ ಸೇರುವಂತೆ ಕರಾರು ಮಾಡಿಕೊಂಡರೆ ಇಲ್ಲಿಯ ಪಾಠಗಳು ಹೆಚ್ಚುಕಡಿಮೆ ಮುಗಿದಿರುತ್ತವೆ, ಬದಲಿ ಶಿಕ್ಷಕರನ್ನು ಹುಡುಕಲು ಆಡಳಿತಕ್ಕೆ ಬೇಸಿಗೆ ರಜೆಯೂ ಸಿಗುತ್ತದೆ. ಸೆಪ್ಟೆಂಬರಿನಲ್ಲಿ ವರ್ಷ ಆರಂಭಿಸುವ ದೇಶಗಳಿಗೆ ಹೋಗುವವರು ಜೂನಿನಲ್ಲೇ ಮುಖ್ಯೋಪಾಧ್ಯಾಯರಿಗೆ ಬಾಯಿಬಿಟ್ಟು ಹೇಳಬೇಕು, ಆಗಸ್ಟಿನಲ್ಲಿ ಟಿಕೆಟ್ ತೋರಿಸುವುದಲ್ಲ. ಎರಡು ವರ್ಷದ ಕರಾರಿನ ಮೇಲೆ ಹೋಗುವವರಿಗೆ ಮರಳಿ ಬಂದಾಗ ಹುದ್ದೆ ಕೊಡುವುದಾಗಿ ಆಡಳಿತ ಮಂಡಳಿ ಬರೆದುಕೊಡಬಹುದು. ಹಾಗೆ ಬರೆದುಕೊಟ್ಟ ಕಾಗದ ಇದ್ದರೆ ಮರಳಿ ಬರುವ ಮನಸ್ಸೂ ಇರುತ್ತದೆ. ಹೋಗುವವರು ತಮ್ಮ ಪಾಠ ಟಿಪ್ಪಣಿಗಳನ್ನೂ, ಯಾವ ಮಗುವಿಗೆ ಎಲ್ಲಿ ತೊಡಕಿದೆ ಎಂಬ ವಿವರವನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದು ಮುಂದೆ ಬರುವ ಶಿಕ್ಷಕರಿಗಾಗಿ ಕಪಾಟಿನಲ್ಲಿಟ್ಟು ಹೋಗಲಿ.